ಎಳಿ, ಬುಡು

ಎರಡು ಗರಗಸಗಳನ್ನು ಎದುರಿಗಿಟ್ಟುಕೊಂಡು ಬಡಗಿ ಗೌಸ್ ತನ್ನ ಮನೆಯ ಮುಂದೆ ಬೆವರುತ್ತಿದ್ದ. ಒಂದು ಇಂಗ್ಲೆಂಡಿನ ಪಾರ್ಕಿನ್ ದೊರೆಯದು, ತಳ್ಳಿದರೆ ಕೊಯ್ಯುತ್ತದೆ. ಇನ್ನೊಂದು ಜಪಾನಿನಿಂದ ಬಂದ ಮೊರಿತಾ ದೊರೆಯದು, ಎಳೆದರೆ ಕೊಯ್ಯುತ್ತದೆ. ಚನ್ನಪಟ್ಟಣದಲ್ಲಿ ಶುರುವಾಗಲಿದ್ದ ಬೊಂಬೆ ಕಾರ್ಖಾನೆಗೆ ಯಾವುದನ್ನು ತರಿಸಬೇಕೆಂದು ಅವನೇ ಹೇಳಬೇಕಿತ್ತು. ಆದರೆ ಅವನಿಗೆ ಅಲ್ಲಿ ಮೇಸ್ತ್ರಿ ಕೆಲಸ ಕೊಡುವ ಕಾಗದಕ್ಕೆ ಕಾರ್ಖಾನೆ ಕಟ್ಟಲು ಬಂದಿದ್ದ ಆ ಇಬ್ಬರ ರುಜುವೂ ಬೇಕಿತ್ತು.

"ಬೇಗ ಬೊಗಳಯ್ಯ," ಎಂದ ಕಚೇರಿ ಗುಮಾಸ್ತ ರುದ್ರಯ್ಯ. ಇಂಗ್ಲಿಷನ್ನು ಕನ್ನಡ ಮಾಡಿ ಹೇಳುವವನು ಅವನೇ.

"ಏನ್ ಬೊಗಳ್ಲಿ ಬುದ್ದಿ? ಇದು ಅಂದ್ರೆ ಅವ್ರು ಹೋಯ್ತಾರೆ, ಅದು ಅಂದ್ರೆ ಇವ್ರು ಹೋಯ್ತಾರೆ. ನಾನಂತೂ ಎರಡ್ರಾಗೂ ಹೋದೆ!"

ಅಷ್ಟರಲ್ಲಿ ಎದುರಿಗೆ ನಿಂತಿದ್ದ ದೊರೆಗಳೇ ಜಗಳ ಶುರು ಹಚ್ಚಿಕೊಂಡರು. ಪಾರ್ಕಿನ್ ಮೂಗು ಕೆಂಪಗಾಯಿತು. ಮೊರಿತಾ ನಗುತ್ತಲೇ ಇದ್ದರು, ಆದರೆ ನಗು ಮರದ ಬೊಂಬೆಯದಾಗಿತ್ತು. ಬೀದಿಯವರೆಲ್ಲ ಸುತ್ತ ನೆರೆದರು.

"ಅಲ್ಲ ಕಣ್ಲಾ, ಇವ್ರಿಬ್ರೂ ಒಂದೇ ಕಡೆ ಅಂತಲ್ಲ? ಈ ಯುದ್ದದಾಗೆ ಜರ್ಮನಿ ಮ್ಯಾಲೆ ಜೊತೇಲಿ ಹಡಗು ಕಳ್ಸವ್ರಂತೆ?" ಎಂದ ದಿಮ್ಮಿ ತಂದ ಗಾಡಿಯ ಚಲುವಯ್ಯ, ಪಕ್ಕದವನಿಗೆ.

"ಇಂಗ್ಲೆಂಡಿಗೂ ಜಪಾನಿಗೂ ಹನ್ನೆರಡು ವರ್ಸದಿಂದ ಒಪ್ಪಂದ ಐತೆ," ಎಂದ ರುದ್ರಯ್ಯ ಗತ್ತಿನಿಂದ.

"ಹನ್ನೆರಡು ವರ್ಸವಾ? ಹಂಗಾರೆ ಸರಿ ಬುಡಿ, ಗಂಡ ಹೆಂಡ್ತಿ ಜಗಳ!"

ಬಾಗಿಲ ಪರದೆಯ ಹಿಂದಿನಿಂದ ಗೌಸನ ಹೆಂಡತಿ ಮುನವ್ವರಾಳ ದನಿ ಬಂತು. "ಅಜೀ, ಅವ್ರಿಗೆ ದಿಮ್ಮಿ ಕೊಯ್ಯೋ ದೊಡ್ಡ ಗರಗಸ ಕೊಡಿ. ಆ ಕಡೆ ಒಬ್ರು, ಈ ಕಡೆ ಒಬ್ರು. ಕೈಗೆ ಕೆಲ್ಸ ಸಿಕ್ರೆ ಬಾಯಿ ಮುಚ್ತದೆ."

ಗೌಸ್ ಹಿಂದೆಮುಂದೆ ನೋಡಲಿಲ್ಲ. ಎರಡು ಕಡೆ ಹಿಡಿಯಿದ್ದ ಉದ್ದನೆಯ ಗರಗಸವನ್ನು ತಂದು ಬೊಂಬೆ ಮಾಡುವ ಹಾಲೆಮರದ ದಿಮ್ಮಿಯ ಮೇಲಿಟ್ಟ. "ದೊರೆಗಳು ಒಸಿ ಕೊಯ್ದು ತೋರ್ಸಿದ್ರೆ ಆಮ್ಯಾಕೆ ಹೇಳ್ತೀನಿ ಅನ್ನಿ, ಬುದ್ದಿ."

ರುದ್ರಯ್ಯ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಕೋಟು ಕಳಚಿದರು!

ಮೊರಿತಾ ಎಳೆದರು. ಸರಿಯಾಗಿತ್ತು. ಅವರು ಇನ್ನೂ ಎಳೆಯುತ್ತಿರುವಾಗಲೇ ಪಾರ್ಕಿನ್ ತಮ್ಮ ಕಡೆಯಿಂದ ಬಲವಾಗಿ ತಳ್ಳಿದರು. ಗರಗಸ ಹಾವಿನಂತೆ ಡೊಂಕಾಗಿ ಕಿರುಚಿತು. ಇನ್ನೊಂದು ಸಲ ತಳ್ಳಿದ್ದರೆ ಮುರಿಯುತ್ತಿತ್ತು. ಅದು ಗೌಸನ ಅಪ್ಪನ ಗರಗಸ. ಅವನಿಗೆ ಎದುರಿಗಿರುವವರು ಯಾರೆಂಬುದೇ ಮರೆತುಹೋಯಿತು.

"ತಳ್ಬ್ಯಾಡ! ಬುಡು! ಅವ್ನು ಎಳ್ದಾಗ ನೀನು ಬುಡು!"

ಬೀದಿಯವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ದೊರೆಗೆ ಏಕವಚನ! ಅದೂ ಇಬ್ಬರಿಗೂ! "ಬುಡಿ ಅನ್ನೋ ಮುಂಡೇದೆ," ಎಂದ ರುದ್ರಯ್ಯ. ಮೇಸ್ತ್ರಿ ಕೆಲಸ ಹೋಗಲಿ, ಜೈಲು ತಪ್ಪಿದರೆ ಸಾಕು ಅನ್ನಿಸಿತು ಗೌಸನಿಗೆ.

ಪಾರ್ಕಿನ್ ಹಿಡಿಯತ್ತ ನೋಡಿದರು. "ಬುಡು?" ಎಂದರು.

"ಹ್ಞೂಂ," ಎಂದ ಗೌಸ್, ಮುಷ್ಟಿ ಸಡಿಲಿಸಿ ತೋರಿಸುತ್ತ. ಇನ್ನೇನು ಅಂದಾನು?

ಮೊರಿತಾ ಎಳೆದರು. ಪಾರ್ಕಿನ್ ಕೈ ಸಡಿಲ ಬಿಟ್ಟರು. ಗರಗಸ ತಾನಾಗಿ ಹರಿಯಿತು. ಪಾರ್ಕಿನ್ ಎಳೆದು "ಬುಡು!" ಎಂದರು, ಮೊರಿತಾ ಬಿಟ್ಟರು. ಮೊರಿತಾ ಎಳೆದು ತಮ್ಮ ನಾಲಿಗೆಗೆ ಬಂದಂತೆ "ಬುದು!" ಎಂದರು, ಪಾರ್ಕಿನ್ ಬಿಟ್ಟರು. ಬುಡು, ಬುದು, ಬುಡು, ಬುದು. ಬಿಳಿ ಹೊಟ್ಟು ಎರಡೂ ಕಡೆ ಸಮನಾಗಿ ಸುರಿಯಿತು. ಭೂಮಿಯನ್ನೇ ಆಳುವವರ ಅಂಗಿ ಬೆವರಿಗೆ ಬೆನ್ನಿಗಂಟಿದ್ದನ್ನು ಬೀದಿ ಕಣ್ಣು ಮಿಟುಕಿಸದೆ ನೋಡಿತು. ಚಲುವಯ್ಯ ಯಾಕೋ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ.

ದಿಮ್ಮಿ ಎರಡಾಗಿ ಬಿತ್ತು.

ಪಾರ್ಕಿನ್ ಏದುಸಿರು ಬಿಡುತ್ತ ಏನೋ ಹೇಳಿದರು. "ಯಾವ ಗರಗಸ ಅಂತ ಆಮ್ಯಾಕೆ ನೋಡಾನ, ಮೊದ್ಲು ಕಾಗ್ದ ತಾ ಅಂತಾವ್ರೆ," ಎಂದ ರುದ್ರಯ್ಯ. ಪಾರ್ಕಿನ್ ರುಜು ಹಾಕಿದರು. ಮೊರಿತಾ ಬೊಬ್ಬೆ ಎದ್ದ ಕೈಯಲ್ಲೇ ಪಕ್ಕದಲ್ಲಿ ಹಾಕಿದರು.

ಕಾಗದ ಕೈಗೆ ಬಂದರೂ ಗೌಸ್ ಅದನ್ನು ನೋಡಲಿಲ್ಲ. ಇಬ್ಬರು ದೊರೆಗಳೂ ಕೊಯ್ದ ಮರದ ಮುಂದೆ ಮಂಡಿಯೂರಿ ಕೂತಿದ್ದರು. ತಲೆಗೆ ತಲೆ ತಾಗುವಷ್ಟು ಬಾಗಿ, ನಡುವಿನಿಂದ ಹೊರಕ್ಕೆ ವರ್ಷಕ್ಕೊಂದರಂತೆ ಮೂಡಿದ ಒಂದೊಂದೇ ಉಂಗುರದ ಮೇಲೆ ಬೆರಳಿಟ್ಟು, ಒಬ್ಬರು ಇಂಗ್ಲಿಷಿನಲ್ಲಿ, ಒಬ್ಬರು ಜಪಾನಿಯಲ್ಲಿ, ಮೆಲ್ಲಗೆ ಎಣಿಸುತ್ತಿದ್ದರು.