ಹೂಕುಂಡವಾದ ಭಾವ

"ಇದರಲ್ಲಿ ಅವನು ಎಲ್ಲೂ ಕಾಣಬಾರದು" ಎನ್ನುತ್ತ ಅಕ್ಕ ಶೂ ಡಬ್ಬಿಯಲ್ಲಿದ್ದ ಫೋಟೋಗಳನ್ನೆಲ್ಲ ತಂಗಿಯ ಮೇಜಿನ ಮೇಲೆ ಸುರಿದಳು.

ಅವನು ಎಂದರೆ ಅಕ್ಕನ ಗಂಡ. ಈಗ ಗಂಡನಲ್ಲ. ಪಂಪು ರಿಪೇರಿ ಮಾಡುವವನು. ಕೆಲವು ವರ್ಷಗಳ ಹಿಂದೆ ಬೇರೆ ಊರಿನಲ್ಲಿ ಒಳ್ಳೆ ಕೆಲಸ ಸಿಕ್ಕಿತೆಂದು ಹೋದ, ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಕೋರ್ಟಿನ ಓಡಾಟ ಮುಗಿದ ಮೇಲೆ ಅಕ್ಕ ಮಗಳನ್ನು ಕರೆದುಕೊಂಡು ಅಪ್ಪ ಅಮ್ಮನ ಮನೆಗೆ ಬಂದಳು. ಅವಳು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ದಿನವಿಡೀ ಬಾಯಿ ತೆರೆದು ಕೂತವರನ್ನು ನೋಡಿ ನೋಡಿ ತಾನು ಬಾಯಿ ಬಿಗಿಹಿಡಿಯುವುದನ್ನು ಕಲಿತಿದ್ದಳು. ಗಂಡನ ವಿಷಯದಲ್ಲಿ ಅವಳಾಡಿದ ಮಾತುಗಳೇ ಕಡಿಮೆ. ಅವುಗಳಲ್ಲಿ ಇದೂ ಒಂದು.

ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ತುಂಬುವುದರಲ್ಲಿತ್ತು. ಅವರಿಗೊಂದು ಆಲ್ಬಮ್ ಮಾಡಿಕೊಡಬೇಕೆಂದು ಮೊದಲು ಹೇಳಿದವಳು ಅಕ್ಕನೇ. ತಂಗಿಯ ಕಸುಬೇ ಅದು. ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು, ಚಿತ್ತಾರದ ಕಾಗದಗಳನ್ನು ಕತ್ತರಿಸಿ, ಮಡಿಸಿ, ಅಂಟಿಸಿ, ಜನರ ಫೋಟೋಗಳಿಗೆ ಮನೆ ಕಟ್ಟಿಕೊಡುತ್ತಿದ್ದಳು. ಗೋಡೆಗೆ ಹೊಂದಿಸಿದ ಗೂಡುಗಳಲ್ಲಿ ಕಾಗದದ ಹಾಳೆಗಳು ಬಣ್ಣದ ಪ್ರಕಾರ ಮಲಗಿರುತ್ತಿದ್ದವು: ಚುಕ್ಕಿಯವು, ಪಟ್ಟೆಯವು, ಎಲೆಬಳ್ಳಿಯವು, ಹಳೆ ಭೂಪಟದಂಥವು. ಕೆಳಗೆ ಯಂತ್ರ ಕಿರ್ರೆಂದಾಗಲೆಲ್ಲ ಕತ್ತರಿ ಹಿಡಿದ ಕೈಯನ್ನು ನಿಲ್ಲಿಸಿ, ಸದ್ದು ಮುಗಿದ ಮೇಲೆ ಮುಂದುವರಿಸುವುದು ಅವಳಿಗೆ ಉಸಿರಾಟದಷ್ಟು ರೂಢಿಯಾಗಿತ್ತು. ಗಿರಾಕಿಗಳು ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದಳು. ನಿವೃತ್ತನಾದ ಪೊಲೀಸಿನವನೊಬ್ಬ ತನ್ನ ಆಲ್ಬಮ್ಮಿಗೆ ಮೊಲದ ಚಿತ್ರದ ಕಾಗದವೇ ಬೇಕೆಂದಾಗ ಅದಕ್ಕೂ ಹೂಂ ಅಂದಿದ್ದಳು.

ಅಕ್ಕ ಹೋದ ಮೇಲೆ ತಂಗಿ ಫೋಟೋಗಳನ್ನು ಹರಡಿ ನೋಡಿದಳು. ಭಾವ ಇಲ್ಲದ ಫೋಟೋಗಳೇ ಕಡಿಮೆ. ಆಳು ಉದ್ದ, ಸ್ವಭಾವ ಸಲಿಗೆಯದು. ಪಕ್ಕದಲ್ಲಿ ಯಾರಿದ್ದರೂ ಅವರ ಹೆಗಲ ಮೇಲೆ ಕೈ. ಅವನನ್ನು ಕತ್ತರಿಸಿ ತೆಗೆದರೆ ಅಪ್ಪನ ಹೆಗಲ ಮೇಲೆ ಒಂದು ಕೈ ಉಳಿಯುತ್ತಿತ್ತು, ಅಮ್ಮನ ತಲೆಯ ಹಿಂದೆ ಅರ್ಧ ಗದ್ದ ಉಳಿಯುತ್ತಿತ್ತು.

ಅಕ್ಕನಿಗೆ ಫೋನ್ ಮಾಡಿದಳು. "ಅಕ್ಕಾ, ಬರೀ ಕೈ ಬಿಟ್ರೆ ದೆವ್ವದ ಆಲ್ಬಮ್ ಆಗುತ್ತೆ ಕಣೆ."

"ಏನಾದ್ರೂ ಮಾಡು. ಮೇಲೆ ಕಾಗದ ಅಂಟಿಸು."

"ಹಾಗಾದ್ರೆ ಒಂದೊಂದು ನಕಲು ತೆಗೆಸಿ, ಅದರ ಮೇಲೆ ಅಂಟಿಸ್ತೀನಿ. ಮೂಲ ಹಾಗೇ ಇರಲಿ."

"ಅವನ ಮುಖಕ್ಕೆ ನಕಲು ಬೇರೆ ಕೇಡು! ಒಂದಿರೋದೇ ಹೆಚ್ಚು" ಎಂದು ಅಕ್ಕ ಫೋನಿಟ್ಟಳು.

ಮರುದಿನ ಅಮ್ಮ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದಳು. ಅವಳದು ಬೇರೆ ಸಂಕಟ. ಅಪ್ಪ ಬಸ್ಸು ಓಡಿಸಿ ನಿವೃತ್ತರಾದವರು. ಈಗ ಕಣ್ಣಿನ ನಟ್ಟನಡುವೆ ಮಂಜು ಕವಿದ ಹಾಗಾಗಿ, ಎದುರಿಗಿದ್ದ ಮುಖ ಬಿಟ್ಟು ಅದರ ಅಂಚು ಮಾತ್ರ ಕಾಣುತ್ತಿತ್ತು. ಅಳಿಯ ಎಂದರೆ ಅವರಿಗೆ ಪ್ರಾಣ. ಇಬ್ಬರೂ ರೇಡಿಯೋ ಮುಂದೆ ಕೂತು ಆಟದ ವಿವರಣೆ ಕೇಳುತ್ತ, ಸೋತ ತಂಡಕ್ಕೆ ಬೈಯುತ್ತ, ಎಷ್ಟೋ ಮಧ್ಯಾಹ್ನ ಕಳೆದಿದ್ದರು. ಅವನು ಬಿಟ್ಟುಹೋದನೆಂದು ಹೇಳಿದರೆ ತಲೆಯಾಡಿಸುತ್ತಿದ್ದರು; ವಾರ ಕಳೆದರೆ ಮತ್ತೆ "ಎಲ್ಲಿ ಹೋಗ್ತಾನೆ, ಬರ್ತಾನೆ ಬಿಡು" ಅನ್ನುತ್ತಿದ್ದರು.

"ಅಕ್ಕ ಹೇಳಿದ ಹಾಗೇ ಮಾಡು. ಆದ್ರೆ ನಿಮ್ಮಪ್ಪನಿಗೆ ಗೊತ್ತಾಗದ ಹಾಗೆ ಮಾಡು" ಎಂದಳು ಅಮ್ಮ.

"ಹಾವೂ ಸಾಯಬೇಕು, ಕೋಲೂ ಮುರೀಬಾರದು ಅಂತೀಯ."

"ಹಾವು ಸಾಯೋದು ಯಾಕೆ? ಕಣ್ಣಿಗೆ ಬೀಳದಿದ್ರೆ ಸಾಕು." ಅಮ್ಮ ನೀರು ಕುಡಿದು ಎದ್ದಳು. ಬಾಗಿಲ ಹತ್ತಿರ ತಿರುಗಿ, "ಮತ್ತೆ ಗಟ್ಟಿಯಾಗಿ ಅಂಟಿಸು. ಹಳೆ ಆಲ್ಬಮ್ಮಲ್ಲಿ ಇವರು ಫೋಟೋನೆಲ್ಲ ಕಿತ್ತು ಕಣ್ಣಿಗೆ ಹಿಡ್ಕೊಂಡು ಎಲ್ಲೋ ಕಳೆದುಬಿಟ್ರು" ಎಂದಳು. ತಂಗಿ ಸಾಮಾನ್ಯವಾಗಿ ಫೋಟೋ ಅಂಟಿಸುವುದಿಲ್ಲ. ನಾಲ್ಕು ಮೂಲೆಗೂ ಕಾಗದದ ಪುಟ್ಟ ಜೇಬು ಮಾಡಿ ಸಿಕ್ಕಿಸುತ್ತಾಳೆ. ಆದರೂ ಅಮ್ಮನಿಗೆ ಹೂಂ ಅಂದಳು.

ಮೂರನೆಯವಳು ಅಕ್ಕನ ಮಗಳು. ಹುಟ್ಟಿದ ದಿನದಿಂದ ಸಣ್ಣ ಸ್ವರದಲ್ಲಿ ಎಡೆಬಿಡದೆ ಅತ್ತವಳಾದ್ದರಿಂದ ತಾತ ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದರು. ಹದಿನಾಲ್ಕಾದರೂ ಆ ಹೆಸರು ಹೋಗಿರಲಿಲ್ಲ. ಶಾಲೆ ಬಿಟ್ಟ ಮೇಲೆ ಚಿಕ್ಕಮ್ಮನ ಕೋಣೆಗೆ ಬಂದು, ಉಳಿದ ಕಾಗದದ ಚೂರುಗಳಲ್ಲಿ ಏನಾದರೂ ಮಾಡುತ್ತ ಕೂರುವುದು ಅವಳ ಅಭ್ಯಾಸ. ಅಂದು ಅವಳು ಚೂರುಗಳನ್ನು ಮುಟ್ಟಲಿಲ್ಲ. ಫೋಟೋಗಳ ರಾಶಿಯಲ್ಲಿ ಹುಡುಕಿ ಒಂದನ್ನು ಹೊರತೆಗೆದಳು.

ಆಸ್ಪತ್ರೆಯ ಕಿಟಕಿಯ ಪಕ್ಕ ಭಾವ ನಿಂತಿದ್ದ. ತೋಳಿನಲ್ಲಿ ಅಂದೇ ಹುಟ್ಟಿದ ಕೂಸು. ಮುಖವನ್ನು ಅಷ್ಟು ಬಾಗಿಸಿದ್ದ ಎಂದರೆ ಅವನ ಕೆನ್ನೆ ಕೂಸಿನ ಹಣೆಗೆ ತಾಗಿತ್ತು. ತಂಗಿಯೇ ತನ್ನ ಹಳೆಯ ರೀಲಿನ ಕ್ಯಾಮೆರಾದಲ್ಲಿ ತೆಗೆದ ಚಿತ್ರ. ನೆಗೆಟಿವ್ ಇಟ್ಟುಕೊಂಡಿದ್ದ ಸ್ಟುಡಿಯೋ ಮುಚ್ಚಿ ಯಾವ ಕಾಲವಾಗಿತ್ತೋ.

"ನಾನು ಹುಟ್ಟಿದ ದಿನದ್ದು ಇದೊಂದೇ ಅಲ್ವಾ ಚಿಕ್ಕಮ್ಮ?"

"ಹೂಂ."

"ಇದರಲ್ಲೂ ಅಪ್ಪನ್ನ ಮುಚ್ತೀಯಾ?"

ತಂಗಿ ಫೋಟೋವನ್ನು ಅವಳ ಕೈಯಿಂದ ತೆಗೆದುಕೊಂಡಳು. ಕೆಳಗೆ ಯಂತ್ರ ಕಿರ್ರೆಂದು ನಿಂತಿತು.

"ನನಗೆ ಅವರು ವಾಪಸ್ ಬರೋದೇನೂ ಬೇಡ" ಎಂದಳು ಪಿಟೀಲು. "ಇದು ಮಾತ್ರ ಇರಲಿ. ಅಮ್ಮನಿಗೆ ಹೇಳ್ಬೇಡ."

ಹೀಗೆ ತಂಗಿ ಮೂವರಿಗೂ ಮಾತು ಕೊಟ್ಟು ಕೂತಳು. ಉಳಿದ ಫೋಟೋಗಳ ಕೆಲಸ ಸಲೀಸಾಗಿ ಸಾಗಿತು. ಒಂದು ಪುಟದಲ್ಲಿ ಭಾವ ಕೆಂಪು ಹೂಕುಂಡವಾದ, ಇನ್ನೊಂದರಲ್ಲಿ ಪಟ್ಟೆಪಟ್ಟೆ ಪರದೆಯಾದ, ಮತ್ತೊಂದರಲ್ಲಿ ಅಮ್ಮನ ಹಿಂದೆ ಬೆಳೆದ ಎಲೆಬಳ್ಳಿಯಾದ. ಎಲ್ಲೆಲ್ಲಿ ಅವನ ಕೈ ಇತ್ತೋ ಅಲ್ಲೆಲ್ಲ ಒಂದೊಂದು ಕಾಗದದ ಚಿಟ್ಟೆ ಕೂತಿತು. ಆಸ್ಪತ್ರೆಯ ಫೋಟೋಗೆ ಮಾತ್ರ ಬಿಳಿ ಹೂವಿನ ಹಸಿರು ಕಾಗದದಿಂದ ಪುಟ್ಟ ಬಾಗಿಲೊಂದನ್ನು ಕತ್ತರಿಸಿ, ಒಂದು ಬದಿಗೆ ತೆಳ್ಳನೆ ಬಟ್ಟೆಯ ಪಟ್ಟಿ ಹಾಕಿ ತಿರುಗುವ ಹಾಗೆ ಮಾಡಿದಳು. ಮುಚ್ಚಿದರೆ ಕೂಸು ಹಸಿರು ಬಾಗಿಲಿಗೆ ಒರಗಿ ಮಲಗಿದಂತಿತ್ತು. ತೆರೆದರೆ ಅಪ್ಪ.

"ಯಾರೂ ಇಲ್ಲದಾಗ ಮಾತ್ರ ತೆಗಿ" ಎಂದು ಪಿಟೀಲಿಗೆ ಹೇಳಿದಳು. ಹುಡುಗಿ ಬಾಗಿಲನ್ನು ಒಮ್ಮೆ ತೆರೆದು, ಮುಚ್ಚಿ, ಚಿಕ್ಕಮ್ಮನ ತೋಳು ಹಿಡಿದುಕೊಂಡಳು.

ಅಕ್ಕ ಬಂದು ಪುಟ ತಿರುವಿ ನೋಡಿದಳು. ಹೂಕುಂಡದ ಮೇಲೆ ಬೆರಳಿಟ್ಟು, "ಅವನಿಗಿಂತ ಇದೇ ಉಪಯೋಗ. ನೀರು ಹಾಕಿದ್ರೆ ಹೂವಾದ್ರೂ ಬಿಡುತ್ತೆ" ಎಂದಳು. ಎಷ್ಟೋ ದಿನದ ಮೇಲೆ ಅಕ್ಕತಂಗಿಯರು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಹಸಿರು ಬಾಗಿಲಿನ ಪುಟ ಬಂದಾಗ ತಂಗಿ ನಗು ನಿಲ್ಲಿಸಿ ಮೇಜಿನ ಮೇಲಿನ ಚೂರುಗಳನ್ನು ಗುಡ್ಡೆ ಮಾಡತೊಡಗಿದಳು. ಅಕ್ಕ ಕೂಸಿನ ಮುಖವನ್ನಷ್ಟೇ ನೋಡಿ ಮುಂದಿನ ಪುಟಕ್ಕೆ ಹೋದಳು.

ಮದುವೆಗೆ ಐವತ್ತು ತುಂಬಿದ ಭಾನುವಾರ ಮಧ್ಯಾಹ್ನ ಮನೆಯವರಲ್ಲದೆ ಅಪ್ಪನ ತಮ್ಮ, ಅವರ ಹೆಂಡತಿ, ಮೇಲಿನ ಮನೆಯವರು, ಅಪ್ಪನ ಜೊತೆ ಕೆಲಸ ಮಾಡಿದ ಕಂಡಕ್ಟರು ಬಂದಿದ್ದರು. ಊಟವಾದ ಮೇಲೆ ಆಲ್ಬಮ್ಮನ್ನು ಅಪ್ಪನ ತೊಡೆಯ ಮೇಲಿಟ್ಟರು. ಅಪ್ಪ ಕಣ್ಣಿನಿಂದ ನೋಡುವುದರ ಜೊತೆಗೆ ಬೆರಳಿನಿಂದಲೂ ನೋಡಿದರು. ಪುಟ ಪುಟವನ್ನೂ ಸವರಿ, "ಇದು ಉಬ್ಬಿದೆ, ಚಿಟ್ಟೆಯಾ? ಭೇಷ್" ಎನ್ನುತ್ತ ಹೋದರು. ತಂಗಿಗೆ ಆಗ ಹೊಳೆಯಿತು. ಯಾರ ಕಣ್ಣಿಗೆ ಬೀಳಬಾರದೆಂದು ಅಷ್ಟು ಜಾಗ್ರತೆ ಮಾಡಿದ್ದಳೋ, ಅವರ ಬೆರಳಿನ ವಿಷಯವನ್ನೇ ಮರೆತಿದ್ದಳು. ಎದ್ದು ಹೋಗಿ ಆಲ್ಬಮ್ ತೆಗೆದುಕೊಳ್ಳಬೇಕೆನ್ನಿಸಿತು. ಏನು ನೆಪ ಹೇಳುವುದೆಂದು ತಿಳಿಯದೆ ಕೂತೇ ಇದ್ದಳು.

ಅಪ್ಪನ ಉಗುರು ಬಾಗಿಲ ಅಂಚಿಗೆ ಸಿಕ್ಕಿತು. ಎತ್ತಿದರು. ಪುಟವನ್ನು ಮೂಗಿನ ಹತ್ತಿರ ತಂದು, ಕತ್ತು ಓರೆ ಮಾಡಿ, ಕಣ್ಣಂಚಿನಲ್ಲಿ ನೋಡಿದರು.

"ಅರೆ! ನಮ್ಮ ಅಳಿಯ!" ಎಂದು ಮನೆ ತುಂಬುವ ಹಾಗೆ ಕೂಗಿದರು. "ಇಲ್ಲಿದ್ದಾನೆ ನೋಡ್ರೋ! ನಾನು ಹೇಳ್ತಿರಲಿಲ್ವಾ, ಎಲ್ಲಿ ಹೋಗ್ತಾನೆ ಅಂತ!"

ಅಪ್ಪನ ಸಂತೋಷಕ್ಕೆ ಲಗಾಮಿರಲಿಲ್ಲ. ಹಿಂದಿನ ಪುಟಗಳಿಗೆ ಹೋದರು. "ಇಲ್ಲೂ ಇರಬೇಕು, ಇರು" ಎನ್ನುತ್ತ ಹೂಕುಂಡವನ್ನು ಉಗುರಿನಿಂದ ಕೆರೆಯತೊಡಗಿದರು. ಅಲ್ಲಿ ಬಾಗಿಲಿರಲಿಲ್ಲ. ಕಾಗದ ಸುಲಿದು ಬಂತು. ಪರದೆಯನ್ನು ಕೆರೆದರು, ಬಳ್ಳಿಯನ್ನು ಕೆರೆದರು.

"ಸಾಕು ಬಿಡ್ರೀ" ಎಂದಳು ಅಮ್ಮ.

"ತಾತ, ಬೇಡ ತಾತ" ಎಂದು ಪಿಟೀಲು ಅವರ ಕೈ ಹಿಡಿದುಕೊಂಡಳು.

ಅಕ್ಕ ಮಗಳನ್ನೇ ನೋಡುತ್ತಿದ್ದಳು. "ನಿಂಗೆ ಗೊತ್ತಿತ್ತು" ಎಂದಳು. ಹುಡುಗಿ ತಲೆ ತಗ್ಗಿಸಿದಳು. ಅಕ್ಕನ ದೃಷ್ಟಿ ತಂಗಿಯ ಕಡೆ ತಿರುಗಿತು, ಒಂದು ಕ್ಷಣ ನಿಂತಿತು. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಎದ್ದು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ನಿಂತಳು. ಅತಿಥಿಗಳೆಲ್ಲ ಹೋಗುವವರೆಗೂ ನಲ್ಲಿಯ ಸದ್ದು ನಿಲ್ಲಲಿಲ್ಲ.

ಆಮೇಲೆ ಪಿಟೀಲು ಚಿಕ್ಕಮ್ಮನ ಕೋಣೆಗೆ ಬರುವುದು ನಿಂತಿತು. ಅಕ್ಕ ಫೋನ್ ಎತ್ತಲಿಲ್ಲ. ಅಮ್ಮನೇ ಸುದ್ದಿ ಕೊಡುತ್ತಿದ್ದಳು: ಮನೆಯಲ್ಲಿ ತಾಯಿ ಮಗಳ ನಡುವೆ ಮಾತಿಲ್ಲ, ಆಲ್ಬಮ್ ಬೀರುವಿನ ಮೇಲೆ ಹತ್ತಿ ಕೂತಿದೆ, ಅಪ್ಪ ಅದನ್ನು ಕೇಳುತ್ತಾರೆ, ಯಾರೂ ಇಳಿಸಿಕೊಡುವುದಿಲ್ಲ. ತಂಗಿ ಕೇಳಿಸಿಕೊಳ್ಳುತ್ತಿದ್ದಳು. ಹೋಗಿ ಅಕ್ಕನ ಕಾಲು ಹಿಡಿಯಲೇ ಎಂದರೆ, "ಈಗ ಬೇಡ, ಉರಿಯೋ ಬೆಂಕಿಗೆ ತುಪ್ಪ" ಎನ್ನುತ್ತಿದ್ದಳು ಅಮ್ಮ.

ಒಂದು ಬೆಳಿಗ್ಗೆ ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ ಅಕ್ಕ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಗಂಟು. ಅದನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು.

"ಇದನ್ನ ಸರಿ ಮಾಡು."

ಹಸಿರು ಬಾಗಿಲಿನ ಪುಟ ಒದ್ದೆಯಾಗಿ ಉಬ್ಬಿತ್ತು. ಫೋಟೋ ಅರ್ಧ ಎದ್ದು ಬಂದು, ಮೇಲಿನ ಪದರ ಸಿಪ್ಪೆಯಂತೆ ಸುಲಿದುಹೋಗಿತ್ತು. ಭಾವನ ಮುಖವಿದ್ದಲ್ಲಿ ಬಿಳಿ ಕಾಗದ. ಅವನ ಕೆನ್ನೆಗೆ ತಾಗಿದ್ದ ಕೂಸಿನ ಹಣೆ, ಕಣ್ಣು, ಅರ್ಧ ಮೂಗು ಅದರ ಜೊತೆಗೇ ಹೋಗಿದ್ದವು.

"ಕಿತ್ತು ಹಾಕಿದ್ಯಾ?" ಎಂದಳು ತಂಗಿ.

"ಇಲ್ಲ ಕಣೆ." ಅಕ್ಕ ಟವೆಲ್ಲನ್ನು ಮಡಿಸತೊಡಗಿದಳು. "ಬಿಡಿಸಿ, ಫ್ರೇಮ್ ಹಾಕಿಸಿ ಅವಳ ಓದೋ ಮೇಜಿನ ಮೇಲಿಡೋಣ ಅಂತಿದ್ದೆ. ಎಷ್ಟು ದಿನ ಅಂತ ಮಗೂನ ಮಾತಾಡಿಸದೆ ಇರಲಿ? ಅವಳಪ್ಪ ಅವಳಿಗೆ ಇರಲಿ ಅಂದ್ಕೊಂಡೆ. ಲಕೋಟೆ ಬಿಡಿಸೋ ಹಾಗೆ ನೀರಿನ ಹಬೆ ಹಿಡಿದೆ. ಸ್ವಲ್ಪ ಎದ್ದು ಬಂತು. ಇನ್ನೂ ಸ್ವಲ್ಪ ಅಂತ ಎಳೆದೆ..."

ತಂಗಿ ದೀಪ ಹಾಕಿ, ಚಿಮಟ ಹಿಡಿದು, ಹಬೆಗೆ ಮೆತ್ತಗಾಗಿ ಬಾಗಿಲಿನ ಒಳಬದಿಗೆ ಅಂಟಿಕೊಂಡಿದ್ದ ಚೂರುಗಳನ್ನು ನೋಡಿದಳು. ಚೂರುಗಳೂ ಅಲ್ಲ, ಬರೀ ಕಂದು ಲೋಳೆ. ಮುಟ್ಟಿದರೆ ಚಿಮಟದ ತುದಿಗೆ ಬಣ್ಣ ಬರುತ್ತಿತ್ತು. ಮುಗಿದ ಆಲ್ಬಮ್ಮಿನ ಪುಟಗಳ ಫೋಟೋ ತೆಗೆದುಕೊಳ್ಳುವುದು ಅವಳ ಪದ್ಧತಿ. ಫೋನ್ ತೆರೆದು ಹುಡುಕಿದಳು. ಸಿಕ್ಕಿತು. ಎಲ್ಲ ಪುಟದಂತೆ ಅದನ್ನೂ ಬಾಗಿಲು ಮುಚ್ಚಿಯೇ ತೆಗೆದಿದ್ದಳು. ಕೂಸಿನ ಅರ್ಧ ಮುಖ, ಪಕ್ಕದಲ್ಲಿ ಬಿಳಿ ಹೂವಿನ ಹಸಿರು.

"ಆಗಲ್ಲ ಅಕ್ಕ."

ಅದು ಅವಳ ಬಾಯಲ್ಲಿ ಅಪರೂಪದ ಮಾತು. ಅಕ್ಕ ನಂಬಲಿಲ್ಲ. "ನಿಂಗೆ ಎಲ್ಲಾ ಬರುತ್ತೆ. ಏನಾದ್ರೂ ಮಾಡೇ. ಅವಳು ಸ್ಕೂಲಿಂದ ಬಂದು ಇದನ್ನ ನೋಡಿದ್ರೆ ನಾನೇ ಸಿಟ್ಟಲ್ಲಿ ಹರಿದೆ ಅಂತಾಳೆ."

"ನಾನು ಹೇಳ್ತೀನಿ ಅವಳಿಗೆ, ಹಾಗಲ್ಲ ಅಂತ."

"ನೀನು ಹೇಳಿದ್ರೆ?" ಅಕ್ಕ ಕಣ್ಣೊರೆಸಿಕೊಂಡಳು. "ನೀನು ಯಾರ್ಯಾರಿಗೆ ಏನು ಬೇಕೋ ಅದನ್ನೇ ಹೇಳ್ತೀಯ."

ಸಂಜೆ ಇಬ್ಬರೂ ಒಟ್ಟಿಗೆ ಹೋಗಿ ಪಿಟೀಲಿಗೆ ಹೇಳಿದರು. ಹುಡುಗಿ ಪುಟವನ್ನು ನೋಡಿದಳು. ಅಳಲಿಲ್ಲ, ರೇಗಲಿಲ್ಲ. ನಂಬಿದಳೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಒಂದೇ ಮಾತು ಕೇಳಿದಳು: "ಅಪ್ಪನ ಹತ್ರ ಇನ್ನೊಂದು ಇರಬಹುದಾ?"

ಅಕ್ಕ ಗೋಡೆಯ ಕಡೆ ನೋಡಿದಳು. "ನಾನು ಕೇಳ್ತೀನಿ" ಎಂದಳು ತಂಗಿ.

ಕೋಣೆಗೆ ಮರಳಿ ಭಾವನಿಗೆ ಫೋನ್ ಮಾಡಿದಳು. ಅವನು ಮೊದಲಿನಂತೆಯೇ ಸಲಿಗೆಯಿಂದ ಮಾತಾಡಿದ. "ಏನಮ್ಮಾ, ಚೆನ್ನಾಗಿದ್ದೀಯಾ? ಮಾವನ ಕಣ್ಣು ಹೇಗಿದೆ?" ತಂಗಿ ಫೋಟೋದ ವಿಷಯ ಹೇಳಿದಳು.

"ಆಸ್ಪತ್ರೇಲಾ? ಅಲ್ಲಿ ಫೋಟೋ ತೆಗೆದಿದ್ರಾ? ಯಾರು ತೆಗೆದದ್ದು?"

"ನಾನೇ ಭಾವ. ಕಿಟಕಿ ಹತ್ರ. ನೀವು ಮಗೂನ ಎತ್ಕೊಂಡಿದ್ರಿ."

ಆ ಕಡೆ ಅವನು ನೆನಪಿಸಿಕೊಳ್ಳಲು ನೋಡಿದ. ನಿಜವಾಗಿಯೂ ಪ್ರಯತ್ನಪಟ್ಟ. "ಇಲ್ಲಮ್ಮ, ಜ್ಞಾಪಕಕ್ಕೆ ಬರ್ತಿಲ್ಲ. ನಾನು ಬರುವಾಗ ಬಟ್ಟೆ ಚೀಲ ಬಿಟ್ಟು ಏನೂ ತಂದಿಲ್ಲ." ಹಿಂದೆ ಎಳೆಮಗುವೊಂದು ಅಳತೊಡಗಿತು. "ಇರು, ಆಮೇಲೆ ಮಾಡ್ತೀನಿ" ಎಂದು ಫೋನಿಟ್ಟ. ಮತ್ತೆ ಮಾಡಲಿಲ್ಲ.

ಕೆಲವು ದಿನಗಳ ನಂತರ ಪಿಟೀಲು ಮತ್ತೆ ಕೋಣೆಗೆ ಬಂದಳು. ಚೀಲ ಕೆಳಗಿಟ್ಟು, ಮೊದಲಿನ ಜಾಗದಲ್ಲೇ ಕೂತಳು.

"ಕೇಳಿದ್ಯಾ ಚಿಕ್ಕಮ್ಮ?"

ತಂಗಿಯ ಕೈಯಲ್ಲಿ ಯಾರದೋ ಮಗುವಿನ ಮೊದಲ ವರ್ಷದ ಆಲ್ಬಮ್ಮಿಗೆ ಕತ್ತರಿಸುತ್ತಿದ್ದ ಚುಕ್ಕಿ ಕಾಗದವಿತ್ತು. ಅದನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸಮ ಮಾಡಿದಳು. ಹುಡುಗಿ ಕಣ್ಣು ಕೀಳದೆ ಕಾಯುತ್ತಿದ್ದಳು.

"ಕೇಳಿದೆ" ಎಂದಳು. "ಹುಡುಕ್ತಾರಂತೆ."

"ಅಂದ್ರೆ ಇದೆಯಂತಾ?"

"ಇರಬೇಕು ಅಂದ್ರು."

ಪಿಟೀಲು ಹೂಂ ಎಂದು ಚೂರು ಕಾಗದಗಳ ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು. ಈಗ ಅವಳು ವಾರಕ್ಕೊಮ್ಮೆಯಾದರೂ ಕೇಳುತ್ತಾಳೆ, ಸಿಕ್ತಂತಾ ಎಂದು. ಇನ್ನೂ ಇಲ್ಲವಂತೆ ಎನ್ನುತ್ತಾಳೆ ತಂಗಿ.