ಮರುಬಡಿತ

ಹಿಮ್ಮಡಿಯಿಂದ ಏರ್ತಾ ಇದೆ ಆ ಗುಂಯ್ ಅನ್ನೋ ಸದ್ದು, ಮೊಣಕಾಲಿಗೆ ಬಂತು, ಚಾಪೆ ಕೆಳಗಿನ ಸಿಮೆಂಟೂ ನಡುಗ್ತಿದೆ — ಕಣ್ಣು ಮುಚ್ಚಿ ಚೇಚಿ, ಅಕ್ಕಾ, ಏಳ್ಬೇಡಿ, ಅಂತಾಳೆ ರಜಿಷ ಟೀಚರ್, ಮಾನಂದವಾಡಿಯಿಂದ ಜೀಪಿನಲ್ಲಿ ಕಂಚಿನ ಬಟ್ಟಲು ಹೇರಿಕೊಂಡು ಬಂದಿದ್ದಾಳೆ, ಆನೆಯಿಂದ ಮನೆಯವರನ್ನು ಕಳಕೊಂಡವರ, ಆನೆ ಕಂಡು ಬೆದರಿದವರ ಮನಸ್ಸಿನ ಗಾಯ ನಾದದಿಂದ ಮಾಯುತ್ತಂತೆ, ವಾಯನಶಾಲೆಯ, ಊರ ಲೈಬ್ರರಿಯ, ಹಾಲಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ಮಲಗಿಸಿದ್ದಾಳೆ. ಏಳ್ಬೇಡಿ ಅಂದ್ರೆ ಹೇಗೆ, ಗದ್ದೆ ಕಾಯೋರಿಗೆ ತಗಡೋ ತಟ್ಟೆಯೋ ಬಡಿದ ಸದ್ದು ಅಂದ್ರೆ ಏಳು ಅಂತಲೇ ಅರ್ಥ, ಆನೆ ಬಂತು ಏಳು. ಮೊದಲ ಪೆಟ್ಟಿಗೇ ಎಲ್ಲರೂ ದಡಕ್ಕನೆ ಎದ್ದು ಕೂತ್ವಿ, ಮುದುಕಿ ವೆಳ್ಳಚ್ಚಿ ಆ ವಯಸ್ಸಲ್ಲಿ ಬಾಗಿಲ ತನಕ ಓಡಿಬಿಟ್ಟಳು, ಆಮೇಲೆ ನಾಚಿಕೊಂಡು, ಏನು ಟೀಚರೇ, ಇಷ್ಟೊಂದು ಉರುಳಿ ಪಾತ್ರೆ ತಂದಿದ್ದೀರಿ, ಪಾಯಸ ಎಲ್ಲಿ, ಅಂದಳು, ಎಲ್ಲರೂ ನಕ್ಕರು, ಅವನೂ ನಕ್ಕ. ನನ್ನ ಪಕ್ಕದ ಚಾಪೆಯಲ್ಲಿ ಬಿದ್ದುಕೊಂಡು ನಕ್ಕ, ದೇವಯ್ಯ. ನಗೋಕೆ ಬಾಯಿ ಹೇಗೆ ಬಂತು ಅವನಿಗೆ. ಈಗ ಅಳ್ತಿದ್ದಾನೆ, ಮೂಗು ಸೊರ ಸೊರ, ಟೀಚರ್ ಅವನ ತಲೆ ಹತ್ತಿರ ಕೂತು, ಸಾರಮಿಲ್ಲ ಚೇಟ್ಟಾ, ಪರವಾಗಿಲ್ಲ ಅಣ್ಣಾ, ಅತ್ತುಬಿಡಿ, ಎಲ್ಲ ಹರಿದುಹೋಗಲಿ, ಅಂತ ಅವನ ಎದೆ ಮೇಲೆ ಸಣ್ಣ ಬಟ್ಟಲಿಟ್ಟು ಬಡೀತಾಳೆ, ನನ್ನ ಗಂಡ ನಿಂಗಯ್ಯನ ಜೀವ ತೆಗೆದವನ ಎದೆಗೆ ನಾದದ ಉಪಚಾರ. ಕೋಪವನ್ನ ಉಸಿರಿನ ಜೊತೆ ಬಿಟ್ಟುಬಿಡಿ ಚೇಚಿ. ಬಿಡೋದಿಲ್ಲ. ಅದನ್ನೂ ಬಿಟ್ಟರೆ ನಿಂಗಯ್ಯನ ಪಕ್ಷಕ್ಕೆ ಈ ಭೂಮಿ ಮೇಲೆ ಯಾರಿದ್ದಾರೆ.

ಹೋದ ಸುಗ್ಗಿ, ಹೊತ್ತು ಮುಳುಗ್ತಿತ್ತು, ತೆನೆ ಬಾಗಿತ್ತು, ಗಂಜಿ ತಗೊಂಡು ಹೋಗಿದ್ದೆ ನಾನು, ಅಟ್ಟಣೆ ಮೇಲಿಂದ ನಿಂಗಯ್ಯ ತಗಡು ಬಡೀತಾ ಇದ್ದ, ಎರಡು ಗಿಡ್ಡ ಒಂದು ಉದ್ದ — ಈ ಕಡೆಯವನು ಹಾಗೆ ಬಡಿದರೆ ತೋಡಿನ ಆಚೆ ದಡದ ಅಟ್ಟಣೆಯಿಂದ ದೇವಯ್ಯ ಹಾಗೇ ಮರುಬಡಿತ ಕೊಡಬೇಕು, ಎರಡೂ ಕಡೆ ಸದ್ದಾದರೆ ಆನೆ ನಡುವೆ ನಿಲ್ಲೋದಿಲ್ಲ, ಕಾಡಿಗೆ ತಿರುಗುತ್ತೆ, ಅಪ್ಪಂದಿರ ಕಾಲದಿಂದ ಹಾಗೇ. ಆಚೆಯಿಂದ ಸದ್ದಿಲ್ಲ. ಮತ್ತೆ ಬಡಿದ. ಇಲ್ಲ. ದೇವಯ್ಯಂಗೆ ಏನೋ ಆಗೈತೆ ರತ್ನ, ಇಲ್ದಿದ್ರೆ ಬಡೀದೆ ಇರೋ ಆಸಾಮಿಯಲ್ಲ, ನೀನು ಮೇಲೆ ಹತ್ಕೊ, ಬಡೀತಾ ಇರು, ನೋಡ್ಕೊಂಡು ಬತ್ತೀನಿ, ಅಂತ ನನ್ನನ್ನ ಏಣಿ ಹತ್ತಿಸಿ ಇವನು ಇಳಿದ, ಪಂಚೆ ಎತ್ತಿಕಟ್ಟಿ ತೋಡಿಗೆ ಇಳಿದ, ಅವನಿಗಾಗಿ ಇಳಿದ ಕಣಪ್ಪಾ, ಅವನಿಗೇನೋ ಆಗಿದೆ ಅಂತ, ನಾನು ಬಡೀತಾನೇ ಇದ್ದೆ, ಅಂಗೈ ಒಡೆದು ಕೋಲು ಜಾರೋ ತನಕ, ಎರಡು ಗಿಡ್ಡ ಒಂದು ಉದ್ದ, ಆಚೆ ದಡದ ತೆನೆ ಇಬ್ಭಾಗ ಆಗಿದ್ದು ಕಂಡಿತು, ನಿಂಗಯ್ಯನ ಕೂಗು ಒಂದೇ ಸಲ. ನಿದ್ದೆ ಹತ್ತಿತ್ತು ಅತ್ತಿಗೆ, ಅಂದ ಮಾರನೇ ದಿನ, ನನ್ನ ಕಾಲ ಹತ್ತಿರ ಕೂತು. ಆ ಹೊತ್ತಲ್ಲಿ ನಿದ್ದೆ. ಆನೆಯ ಹೆಜ್ಜೆ ಅವನ ಅಟ್ಟಣೆಯ ಬುಡದಲ್ಲೇ ಇದ್ದವಲ್ಲ, ಬಹಳ ಹೊತ್ತು ನಿಂತು ಮಣ್ಣು ಕೆದರಿದ ಹೆಜ್ಜೆ, ಬುಡ ಅಲ್ಲಾಡಿದ್ರೂ ಎಚ್ಚರ ಆಗ್ಲಿಲ್ವಾ ಅಂದೆ, ಹೆಂಗಸಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಅಂದರು ಜನ. ನಿದ್ದೆಯಂತೆ. ನಿಂಗಯ್ಯ ಮನೇಲಿ ಗೊರಕೆ ಹೊಡೀತಾ ಇದ್ದಾಗಲೂ ಎಲ್ಲೋ ದೂರದ ಗದ್ದೇಲಿ ತಗಡು ಸದ್ದಾದರೆ ನಿದ್ದೆಗಣ್ಣಲ್ಲೇ ಮಂಚದ ಪಟ್ಟಿಗೆ ಬಡೀತಿದ್ದ, ಬೈತಿದ್ದೆ ನಾನು, ಮಂಚ ಮುರೀತೀಯ ಮಾರಾಯ ಅಂತ, ಕಾಯೋರ ಕೈ ಹಾಗೆ, ಎಚ್ಚರ ಆಗೋದಕ್ಕೂ ಕಾಯೋದಿಲ್ಲ.

ಈಗ ಎಲ್ಲರೂ ಪಕ್ಕದವರ ಕೈ ಹಿಡೀರಿ, ಕ್ಷಮಿಸಿದೆ ಅಂತ ಮನಸ್ಸಲ್ಲೇ ಹೇಳಿ, ಟೀಚರ್ ದನಿ ಜೇನಿನ ಹಾಗೆ, ದೇವಯ್ಯ ಕಣ್ಣು ಮುಚ್ಚಿಕೊಂಡೇ ನನ್ನ ಚಾಪೆ ಕಡೆ ಕೈ ಚಾಚಿದ, ಅತ್ತಿಗೆ, ಅಂದ, ಒದ್ದೆ ಒದ್ದೆ ದನಿ, ಆ ಕೈ ನನ್ನ ಬೆರಳಿಗೆ ತಾಗಿತು — ಎದ್ದೆ. ಟೀಚರ್ ಕೈಯ ಕೋಲು ಕಿತ್ತುಕೊಂಡೆ, ಬಟ್ಟೆ ಸುತ್ತಿದ ತುದಿ ಬಿಟ್ಟು ಮರದ ತುದಿ ತಿರುಗಿಸಿದೆ, ಅಯ್ಯೋ ಚೇಚಿ, ಮೆಲ್ಲಗೆ, ಒಡೆಯುತ್ತೆ, ಒಡೀಲಿ, ಬಟ್ಟಲಿಗೇ ಬಡಿದೆ. ಎರಡು ಗಿಡ್ಡ ಒಂದು ಉದ್ದ. ಮಲಗಿದಲ್ಲಿಂದಲೇ ವೆಳ್ಳಚ್ಚಿಯ ಅಂಗೈ ನೆಲಕ್ಕೆ ಬಡಿಯಿತು, ಎರಡು ಗಿಡ್ಡ ಒಂದು ಉದ್ದ, ಕಣ್ಣು ಮುಚ್ಚಿಯೇ ಇದೆ ಅವಳದು, ಗೋಡೆ ಪಕ್ಕದ ಕುಞ್ಞಿರಾಮನ್ ಬಡಿದ, ಬಾಗಿಲ ಹತ್ತಿರದ ಹೆಂಗಸರು ಬಡಿದರು, ಯಾರಿಗೂ ಯಾರೂ ಹೇಳಲಿಲ್ಲ, ಹಾಲಿನ ನೆಲವೇ ಮರುಬಡಿತ ಕೊಡ್ತಿದೆ, ಮತ್ತೆ ದೇವಯ್ಯ — ಅವನ ಬಲಗೈ ಚಾಪೆಯಿಂದ ನೆಗೆಯಿತು, ನೆಗೆದದ್ದು ನೋಡಿದೆ ನಾನು, ಅಷ್ಟರಲ್ಲಿ ಎಡಗೈ ಬಂದು ಅದರ ಮಣಿಕಟ್ಟು ಹಿಡಿದು ಎದೆಗೆ ಅವುಚಿಕೊಂಡಿತು. ಹೀಗೆ. ಹೀಗೇ ಹಿಡ್ಕೊಂಡಿದ್ದ ಅವತ್ತು, ಕೆಳಗೆ ಆನೆ, ಆಚೆಯಿಂದ ನಿಂಗಯ್ಯನ ತಗಡು, ಆಮೇಲೆ ನನ್ನ ತಗಡು. ಕಣ್ಣು ಬಿಟ್ಟಿದ್ದಾನೆ ಈಗ, ನನ್ನನ್ನೇ ನೋಡ್ತಿದ್ದಾನೆ. ಮತ್ತೆ ಬಡಿದೆ. ಬಲಗೈ ನೆಗೆಯಿತು, ಎಡಗೈ ಬಿಡಲಿಲ್ಲ. ಸಾಕು ಚೇಚಿ, ಸಾಕು. ಮತ್ತೆ ಬಡಿದೆ. ಬಲಗೈ ಬೆರಳು ಒದ್ದಾಡ್ತಿವೆ, ಉಗುರು ಬೆಳ್ಳಗಾಗಿವೆ ಎಡಗೈಯವು, ಹಿಡ್ಕೊಂಡೇ ಇದೆ, ಎಡಗೈ ಬಲಗೈಯನ್ನ ಹಿಡ್ಕೊಂಡೇ ಇದೆ