ಕನ್ನಡಕ ಕೇಳುವವರು

ಹಿತ್ತಲ ತೊಟ್ಟಿಯಿಂದ ಬಿಂದಿಗೆಗೆ ನೀರು ಮೊಗೆಯುತ್ತಿದ್ದ ಹರಿಪ್ರಿಯಾ, ‘ನಾಳೆಯೇ ಕೊನೆಯ ದಿನ, ಏನೂ ಬರೆಯದಿದ್ದರೆ ಪುಟ ಅಳಿಸಿಬಿಡುತ್ತಾರೆ’ ಎಂದುಕೊಂಡಳು. ತೀರಿಕೊಂಡಿದ್ದ ದೊಡ್ಡಮ್ಮ ಶಾಮಲಮ್ಮನನ್ನು ನಡುಮನೆಯಲ್ಲಿ ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದ್ದರು. ಅವರ ಕೊನೆಯ ಸ್ನಾನದ ನೀರು ತುಂಬುವಾಗ ಕಂಪ್ಯೂಟರಿನ ಚಿಂತೆ. ಇದನ್ನು ಡೈರಿಯಲ್ಲೂ ಬರೆಯಲಾರೆ ಅನ್ನಿಸಿತು.

ತಾಯಲೂರಿನ ಸುತ್ತಮುತ್ತ ಯಾರು ತೀರಿಕೊಂಡರೂ ದೊಡ್ಡಮ್ಮ ಆ ಮನೆಗೆ ಹೋಗಿ ಸತ್ತವರ ಕನ್ನಡಕ ಕೇಳಿ ತರುತ್ತಿದ್ದರು. ಸೀಗೆನೀರಿನಲ್ಲಿ ತೊಳೆದು, ತುಳಸಿಕಟ್ಟೆಯ ಮೇಲೆ ಒಣಗಿಸಿ, ಕಣ್ಣು ಮಂಜಾದ ಯಾರಿಗಾದರೂ ಹಾಕಿ, ಕೈಗೆ ಸೂಜಿ ದಾರ ಕೊಡುತ್ತಿದ್ದರು. ದಾರ ಪೋಣಿಸಿದವರು ಕನ್ನಡಕದೊಂದಿಗೆ ಮನೆಗೆ ಹೋಗುತ್ತಿದ್ದರು. ಹರಿಪ್ರಿಯಾ ಮುಳಬಾಗಿಲಿನ ಇಂಟರ್ನೆಟ್ ಸೆಂಟರಿನಲ್ಲಿ ಕೂತು, ‘ಹಳೇ ಕನ್ನಡಕ ಅಭಿಯಾನ’ ಎಂದು ತಾನೇ ಹೆಸರಿಟ್ಟು, ಅಂತರಜಾಲದ ವಿಶ್ವಕೋಶಕ್ಕೆ ಅದನ್ನು ಸೇರಿಸಿದ್ದಳು. ಕಳೆದ ವಾರ ಅಲ್ಲಿಯ ಸಂಪಾದಕರೊಬ್ಬರು ಕೆಳಗೆ ಬರೆದಿದ್ದರು: ‘ಯಾವ ಪತ್ರಿಕೆಯಲ್ಲಿ ಬಂದಿದೆ? ಎಷ್ಟು ಜನರಿಗೆ ನೆರವಾಗಿದೆ? ಏಳು ದಿನದೊಳಗೆ ಆಧಾರ ಕೊಡದಿದ್ದರೆ ಪುಟವನ್ನು ತೆಗೆಯಬೇಕಾಗುತ್ತದೆ.’

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ಅವಳಿಗೆ ಸಂಕಟ.

ಸ್ನಾನವಾದ ಮೇಲೆ ಹೆಂಗಸರು ಹೊಸ ಸೀರೆ ಉಡಿಸಿದರು. ಮಗ ನಂದಕಿಶೋರ್ ತಾಯಿಯ ಮುಖವನ್ನೇ ನೋಡುತ್ತ ನಿಂತಿದ್ದವನು ಗೂಡಿನಲ್ಲಿದ್ದ ಕನ್ನಡಕ ತಂದು ಹಾಕಿದ.

“ಅದ್ಯಾಕೋ ನಂದೂ?” ಎಂದಳು ಹರಿಪ್ರಿಯಾಳ ತಾಯಿ ಮಾಧವಿ.

“ಇದಿಲ್ದೆ ಅಮ್ಮನ ಮುಖ ಯಾರ್ದೋ ಥರ ಕಾಣತ್ತೆ ಚಿಕ್ಕಮ್ಮ. ಹಾಗೇ ಕಳಿಸೋಣ.”



*

ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಹರಿಪ್ರಿಯಾ ದೊಡ್ಡಮ್ಮನ ಜೊತೆ ಗಂಗುಲಪ್ಪ ಸತ್ತ ಮನೆಗೆ ಹೋಗಿದ್ದಳು. ಗಂಗುಲಪ್ಪನ ಹೆಂಡತಿ ರಾಮಲಕ್ಷ್ಮಮ್ಮ ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿದ್ದಳು. ದೊಡ್ಡಮ್ಮ ಜಗಲಿಯ ಮೇಲೆ ಅವಳ ಪಕ್ಕದಲ್ಲೇ ಬಹಳ ಹೊತ್ತು ಕೂತಿದ್ದು, ಆಮೇಲೆ ಕೇಳಿದರು: “ಗಂಗುಲಪ್ಪನ ಕನ್ನಡಕ ಎಲ್ಲಿಟ್ಟೆ?”

“ಸತ್ತೋರ್ದು ಕಣಮ್ಮಾ. ಹಾಕ್ಕೊಂಡೋರ್ಗೆ ಸಾವು ಅಂಟ್ಕೊಳ್ಳಲ್ವಾ?”

“ನಿನ್ನ ಗಂಡ ಅದ್ರಲ್ಲಿ ಸಾವು ನೋಡಿದ್ನೇನೆ? ಪೇಪರ್ ನೋಡ್ದ, ಇಸ್ಪೀಟ್ ನೋಡ್ದ. ತಗೊಂಡ್ಬಾ.”

ಅಳುತ್ತಿದ್ದ ರಾಮಲಕ್ಷ್ಮಮ್ಮನಿಗೆ ನಗು ಬಂತು. ಹರಿಪ್ರಿಯಾ ಮಾತ್ರ ನಾಚಿಕೆಯಿಂದ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು. ವಾಪಸ್ಸು ಬರುವಾಗ ಕೆರೆ ಏರಿಯ ಮೇಲೆ ಕೇಳಿದಳು: “ಅಂಥಾ ಮನೇಲಿ ಹೇಗೆ ಕೇಳ್ತೀಯ ದೊಡ್ಡಮ್ಮ?”

“ಮೊದಲ್ನೇ ಮಾತಿಗೆ ನಂಗೂ ಬಾಯಿ ಒಣಗತ್ತೆ ಕಣೇ. ಅದೊಂದು ಆಡ್ಬಿಟ್ರೆ ಆಯ್ತು.”

*

ಚಟ್ಟವನ್ನು ಅಂಗಳಕ್ಕೆ ತಂದರು. ರೇಷ್ಮೆಹುಳು ಸಾಕುವ ಬೈರಮ್ಮ ಬೇಲಿಯ ಬಳಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಹರಿಪ್ರಿಯಾ ಹತ್ತಿರ ಹೋದಳು.

“ಹತ್ರ ಬಂದ್ರೂ ಅಮ್ಮಾವ್ರ ಮುಖ ಮಂಜುಮಂಜು ತಾಯೀ. ಮರಿಹುಳಾನೂ ಕಾಣಲ್ಲ, ಎಲೆ ಜತೆ ಹುಳಾನೂ ಗುಡಿಸಿ ಆಚೆ ಹಾಕ್ತೀಯ ಅಂತ ಸೊಸೆ ಬೈತಾಳೆ. ಇನ್ನು ಮುಂದೆ ಬರೋ ಕನ್ನಡಕದ ಜೋಡು ನಿಂಗೇ ಕಣೇ ಬೈರೀ ಅಂದಿದ್ರು.” ಬೈರಮ್ಮ ಸೆರಗನ್ನು ಮತ್ತೆ ಕಣ್ಣಿಗೆ ಒತ್ತಿಕೊಂಡಳು. “ಈಗ ಆ ಮಾತ್ಯಾಕೆ ಬಿಡು.”

ಅಷ್ಟರಲ್ಲಿ ನಂದಕಿಶೋರ್ ಕೂಗುತ್ತ ಹತ್ತಿರ ಬಂದ. ಅವನ ಪಕ್ಕದಲ್ಲಿ ಕೋಲಾರದ ಪತ್ರಿಕೆಯೊಂದರ ವರದಿಗಾರ ಮುರಳಿಮೋಹನ್ ನಿಂತಿದ್ದ. ಅವನನ್ನು ಕಂಡು ಬೈರಮ್ಮ ಮೆಲ್ಲಗೆ ಗೊಣಗಿದಳು: “ಏಳೆಂಟು ವರ್ಷದ ಹಿಂದೆ ಅಮ್ಮಾವ್ರ ವಿಷ್ಯ ಬರ್ಕೊಳ್ಳೋಕೆ ಅಂತ ಬಂದ ಆಸಾಮಿ ಅಲ್ವಾ? ಸೂಜಿ ಕೊಟ್ರೆ ಬರಿಗಣ್ಣಲ್ಲಿ ಪೋಣಿಸೋಕೆ ಬರ್ಲಿಲ್ಲ. ಕನ್ನಡಕ ಇಸ್ಕೊಂಡು ಹೋದ, ಬರೀಲಿಲ್ಲ.”

ಮುರಳಿಮೋಹನ್‌ಗೆ ಕೇಳಿಸಿತು. “ನಿಜ. ಇದೇ ಆ ಕನ್ನಡಕ,” ಎಂದು ಮೂಗಿನ ಮೇಲಿದ್ದುದನ್ನು ಮುಟ್ಟಿಕೊಂಡ. “ಸತ್ತವರ ಕನ್ನಡಕ ಹಾಕ್ಕೊಂಡಿದೀನಿ ಅಂತ ಬರೆಯೋಕೆ ಆಗ ನಾಚಿಕೆ ಆಯ್ತು. ಇವತ್ತು ಬರೀತೀನಿ. ಒಂದು ಅಂಕಿ ಬೇಕಮ್ಮ. ಎಷ್ಟು ಜನ ಅಂತ ಹಾಕ್ಲಿ?”

“ಸಾವಿರ ಅಂದ್ಬಿಡು ಪ್ರಿಯಾ,” ಎಂದ ನಂದಕಿಶೋರ್. “ನಾಳೆ ಪೇಪರಲ್ಲಿ ಬಂದ್ರೆ ನಿನ್ನ ವಿಶ್ವಕೋಶದೋರೂ ಒಪ್ಕೋತಾರೆ. ನಾನು ಮಾಲೂರಲ್ಲಿ ಹೆಂಚಿನ ಕಾರ್ಖಾನೇಲಿ ಬಿದ್ದಿರೋನು, ಅಮ್ಮನಿಗೆ ಏನೂ ಮಾಡ್ಲಿಲ್ಲ. ಅದೊಂದು ಪುಟನಾದ್ರೂ ಇರ್ಲಿ ಕಣೇ.”

ಮುರಳಿಮೋಹನ್ ಪೆನ್ನು ತೆರೆದು ಕಾಯುತ್ತಿದ್ದ. ಪುರೋಹಿತ ಸುಬ್ರಹ್ಮಣ್ಯ ಭಟ್ಟರು ಹೊತ್ತಾಯಿತೆಂದು ಸನ್ನೆ ಮಾಡಿದರು. ಸಾವಿರ ಅಂದರೆ ಸಾಕಿತ್ತು. ಪುಟ ಉಳಿಯುತ್ತಿತ್ತು, ಅಣ್ಣನಿಗೆ ಸಮಾಧಾನವಾಗುತ್ತಿತ್ತು. ಹರಿಪ್ರಿಯಾ ಚಟ್ಟದ ಕಡೆ ನೋಡಿದಳು. ಬಿಸಿಲಿಗೆ ದೊಡ್ಡಮ್ಮನ ಕನ್ನಡಕದ ಗಾಜು ಹೊಳೆಯುತ್ತಿತ್ತು. ಇಷ್ಟು ಜನ ಸೇರಿದ ಸಾವಿನ ಮನೆಯಲ್ಲಿ ಅದನ್ನು ಕೇಳುವವರೊಬ್ಬರೂ ಇರಲಿಲ್ಲ. ಅವಳ ಬಾಯಿ ಒಣಗಿತು.

“ಎಷ್ಟು ಅಂತ ಗೊತ್ತಿಲ್ಲಣ್ಣ,” ಎಂದಳು. ದನಿ ತಾನೆಣಿಸಿದ್ದಕ್ಕಿಂತ ಜೋರಾಗಿ ಬಂದು ಅಂಗಳವೆಲ್ಲ ತಿರುಗಿ ನೋಡಿತು. “ದೊಡ್ಡಮ್ಮ ಎಣಿಸಲಿಲ್ಲ. ಪುಟ ಹೋದ್ರೆ ಹೋಗ್ಲಿ. ಆ ಕನ್ನಡಕ ಸುಡಬೇಡ, ಕೊಡು. ಅದು ಬೈರಮ್ಮಂದು.”

ನಂದಕಿಶೋರ್ ಅವಳನ್ನು ನೋಡಿದ, ಬೈರಮ್ಮನನ್ನು ನೋಡಿದ. ಆಮೇಲೆ ತಾಯಿಯ ಬಳಿ ಹೋಗಿ ಬಗ್ಗಿ, ಮಲಗಿದವರಿಗೆ ಎಚ್ಚರವಾದೀತು ಎಂಬಂತೆ ಒಂದೊಂದೇ ಕಿವಿಯಿಂದ ಕಡ್ಡಿ ಬಿಡಿಸಿದ. ಹರಿಪ್ರಿಯಾ ಗಾಜನ್ನು ವೇಲಿನಿಂದ ಒರೆಸಿ ಬೈರಮ್ಮನಿಗೆ ಹಾಕಿದಳು. ಬೈರಮ್ಮ ಚಟ್ಟದ ಬಳಿ ಕುಕ್ಕರಗಾಲಲ್ಲಿ ಕೂತು ಬಗ್ಗಿದಳು. ಶಾಮಲಮ್ಮನ ಮೂಗಿನ ಎರಡೂ ಬದಿಗೆ, ಕನ್ನಡಕ ಕೂತು ಕೂತು ಬಿದ್ದಿದ್ದ ಪುಟ್ಟ ಗುಳಿಗಳು ಅವಳಿಗೆ ಕಂಡವು.